ರೇಡಿಯೇಟರ್ ಪದೇ ಪದೇ ತೂತು ಬೀಳುತ್ತಿದ್ದರೆ: ತೋಟದ ಪಂಪ್‌ಸೆಟ್ಟಿನಲ್ಲಿ ದಾರಿತಪ್ಪಿದ ಕರೆಂಟಿನ ಪತ್ತೆ

ಸಕಲೇಶಪುರ ತಾಲ್ಲೂಕಿನ ಒಂದು ರೋಬಸ್ಟಾ ಕಾಫಿ ತೋಟದಿಂದ ಫೆಬ್ರುವರಿ ಕೊನೆಯ ವಾರ ನನಗೆ ಕರೆ ಬಂದಾಗ, ಅಲ್ಲಿನ ಡೀಸೆಲ್ ಪಂಪ್‌ಸೆಟ್ಟಿನ ರೇಡಿಯೇಟರ್ ಎರಡು ವರ್ಷದಲ್ಲಿ ಮೂರನೆಯ ಸಲ ಸೋರಲು ಶುರುವಾಗಿತ್ತು. ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ನೀರು ಕೊಟ್ಟು ಹೂವು ಬಿಡಿಸಬೇಕಾದ ದಿನಗಳಲ್ಲಿ ಎಂಜಿನ್ ನಿಂತರೆ ಆಗುವ ನಷ್ಟ ಆ ವರ್ಷದ ಫಸಲಿನಲ್ಲೇ ಕಾಣಿಸುತ್ತದೆ ಎಂಬುದು ಕಾಫಿ ಬೆಳೆಯುವವರಿಗೆ ಹೇಳಬೇಕಾದ ಮಾತಲ್ಲ. ಮೊದಲ ಸಲ ತಾಮ್ರ ಮತ್ತು ಹಿತ್ತಾಳೆಯ ಮೂಲ ರೇಡಿಯೇಟರಿಗೆ ಬೆಸುಗೆ ಹಾಕಿಸಿದ್ದರು. ಎರಡನೆಯ ಸಲ ಅದನ್ನು ತೆಗೆದು ಅಲ್ಯೂಮಿನಿಯಂ ರೇಡಿಯೇಟರ್ ಕೂರಿಸಿದ್ದರು. ಅದು ಹನ್ನೊಂದು ತಿಂಗಳೂ ಬಾಳಲಿಲ್ಲ. ತೋಟದ ಲೆಕ್ಕ ಬರೆಯುವ ರೈಟರು "ನೀರಿನ ದೋಷ ಇರಬೇಕು ಸಾರ್" ಎಂದರು. ಮೇಸ್ತ್ರಿಯವರು ಎಂಜಿನ್ನಿನ ಅದುರುವಿಕೆಯಿಂದ ಬಿರುಕು ಬಿಡುತ್ತಿದೆ ಎಂದರು. ಎರಡೂ ಊಹೆಗಳಿಗೆ ಆಧಾರವಿತ್ತು, ಆದರೆ ಅಲ್ಲಿಯವರೆಗೆ ಯಾರೂ ಮಲ್ಟಿಮೀಟರ್ ಹಿಡಿದು ನೋಡಿರಲಿಲ್ಲ.

ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ತೋಟಗಳಲ್ಲಿ ಪಂಪ್‌ಸೆಟ್, ಜನರೇಟರ್, ಹಳೆಯ ಜೀಪು ಇವುಗಳಲ್ಲಿ ಇಂಥ ದೂರು ಮತ್ತೆ ಮತ್ತೆ ಬರುತ್ತದೆ. ಹೊಸ ರೇಡಿಯೇಟರ್ ತಂದು ಕೂರಿಸುವ ಮೊದಲು ಅರ್ಧ ಗಂಟೆ ಅಳತೆಗೆ ಕೊಟ್ಟರೆ ಬಹಳಷ್ಟು ಹಣ ಮತ್ತು ಅದಕ್ಕಿಂತ ಬೆಲೆಬಾಳುವ ದಿನಗಳು ಉಳಿಯುತ್ತವೆ ಎಂಬ ನಂಬಿಕೆಯಿಂದ, ನಾನು ಅನುಸರಿಸುವ ಕ್ರಮವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ತೂತನ್ನು ಮೊದಲು ನೋಡಬೇಕು

ಬಿಚ್ಚಿದ ರೇಡಿಯೇಟರನ್ನು ಗುಜರಿಗೆ ಕಳಿಸುವ ಮೊದಲು ಬೆಳಕಿಗೆ ಹಿಡಿದು ನೋಡಬೇಕು, ಏಕೆಂದರೆ ಕಾರಣದ ಗುರುತು ಅದರ ಮೇಲೆಯೇ ಉಳಿದಿರುತ್ತದೆ. ಅದುರುವಿಕೆಯಿಂದ ಆದ ಹಾನಿ ಗೆರೆಯಂಥ ಬಿರುಕಾಗಿರುತ್ತದೆ, ಮತ್ತು ಅದು ಸಾಮಾನ್ಯವಾಗಿ ರೇಡಿಯೇಟರನ್ನು ಫ್ರೇಮಿಗೆ ಬಿಗಿದ ಜಾಗದ ಬಳಿ ಅಥವಾ ಕೊಳವೆಗಳು ಮೇಲಿನ ತೊಟ್ಟಿಗೆ ಸೇರುವ ಅಂಚಿನಲ್ಲಿ ಇರುತ್ತದೆ. ಕಲ್ಲು ಬಡಿದದ್ದಾದರೆ ಹೊರಗಿನ ರೆಕ್ಕೆಗಳು ಮಡಚಿರುತ್ತವೆ. ವಿದ್ಯುದ್ವಿಭಜನೆಯಿಂದ, ಅಂದರೆ ನೀರಿನ ಮೂಲಕ ಕರೆಂಟು ಹರಿದು ಲೋಹ ಕರಗುವುದರಿಂದ, ಆದ ತೂತು ಇವೆರಡಕ್ಕಿಂತ ಬೇರೆ: ಅದು ಒಳಗಿನಿಂದ ಹೊರಕ್ಕೆ ಕೊರೆದುಕೊಂಡು ಬಂದಿರುತ್ತದೆ, ಸೂಜಿಮೊನೆಯಷ್ಟು ಸಣ್ಣದಾಗಿರುತ್ತದೆ, ಒಂದರ ಪಕ್ಕ ಇನ್ನೊಂದು ಅರ್ಧ ಕೊರೆದು ನಿಂತಿರುವುದೂ ಉಂಟು. ಅಲ್ಯೂಮಿನಿಯಂ ಆದರೆ ತೂತಿನ ಸುತ್ತ ಬಿಳಿಯ ಹಿಟ್ಟಿನಂಥ ಪದಾರ್ಥ ಕೂತಿರುತ್ತದೆ. ತಾಮ್ರವಾದರೆ ಹಸಿರು ಕಿಲುಬು ಇರುತ್ತದೆ, ಬೆಸುಗೆಯ ಜಾಗ ಕಪ್ಪಾಗಿ ಪುಡಿಪುಡಿಯಾಗಿರುತ್ತದೆ.

ಡೀಸೆಲ್ ಎಂಜಿನ್ನಿನಲ್ಲಿ ಇನ್ನೊಂದು ಗೊಂದಲಕ್ಕೂ ಅವಕಾಶವಿದೆ. ಪಿಸ್ಟನ್ ಓಡಾಡುವ ಸಿಲಿಂಡರ್ ಲೈನರಿನ ಹೊರಮೈಯಲ್ಲಿ, ನೀರು ತಾಗುವ ಭಾಗದಲ್ಲಿ, ಒಂದೇ ಮಗ್ಗುಲಿಗೆ ಗುಂಪಾಗಿ ಗುಳಿ ಬಿದ್ದಿದ್ದರೆ ಅದು ಬಹುಮಟ್ಟಿಗೆ ಕರೆಂಟಿನ ಕೆಲಸವಲ್ಲ. ಲೈನರ್ ಅದುರಿದಾಗ ನೀರಿನಲ್ಲಿ ಹುಟ್ಟುವ ಗುಳ್ಳೆಗಳು ಒಡೆದು ಲೋಹವನ್ನು ಕೀಳುವುದರಿಂದ ಆಗುವ ಸವೆತ ಅದು, ಮತ್ತು ಅದಕ್ಕೆ ಮದ್ದು ಸರಿಯಾದ ಕೂಲೆಂಟ್ (ಎಂಜಿನ್ ತಣಿಸುವ ದ್ರವ). ರೇಡಿಯೇಟರಿನ ಗುಳಿಯನ್ನೂ ಲೈನರಿನ ಗುಳಿಯನ್ನೂ ಒಂದೇ ಕಾಯಿಲೆ ಎಂದು ತಿಳಿದು ಅರ್ಥಿಂಗ್ ಹುಡುಕುತ್ತಾ ಹೋದರೆ ದಿನ ವ್ಯರ್ಥವಾಗುತ್ತದೆ.

ಸಕಲೇಶಪುರದ ತೋಟದಲ್ಲಿ ಬಿಚ್ಚಿಟ್ಟಿದ್ದ ಅಲ್ಯೂಮಿನಿಯಂ ರೇಡಿಯೇಟರಿನಲ್ಲಿ ನಾಲ್ಕು ಸೂಜಿತೂತುಗಳಿದ್ದವು, ಎಲ್ಲವೂ ಎಂಜಿನ್ನಿಗೆ ಹೋಗುವ ಮೇಲಿನ ಹೋಸಿನ ಬಾಯಿಯ ಹತ್ತಿರದ ಕೊಳವೆಗಳಲ್ಲೇ ಇದ್ದವು. ಅದುರುವಿಕೆಯ ಬಿರುಕು ಎಲ್ಲೂ ಇರಲಿಲ್ಲ.

ಕರೆಂಟು ನೀರಿಗೆ ಇಳಿಯುವ ಬಗೆ

ಲೋಹ ನೀರಿನಲ್ಲಿ ಕರಗುವ ಎರಡು ದಾರಿಗಳನ್ನು ಬೇರೆ ಬೇರೆಯಾಗಿ ಅರ್ಥಮಾಡಿಕೊಳ್ಳದೆ ಪತ್ತೆಯ ಕೆಲಸ ಸಾಗುವುದಿಲ್ಲ. ಮೊದಲನೆಯದು ಎರಡು ಭಿನ್ನ ಲೋಹಗಳು ಒಂದೇ ನೀರಿನಲ್ಲಿ ಮುಳುಗಿ, ಹೊರಗೆ ಎಲ್ಲೋ ಒಂದು ಕಡೆ ಪರಸ್ಪರ ತಾಗಿಕೊಂಡಿರುವಾಗ ತಾನಾಗಿಯೇ ಹುಟ್ಟುವ ಕರೆಂಟು. ತಾಮ್ರ ಮತ್ತು ಸತು, ತಾಮ್ರ ಮತ್ತು ಕಬ್ಬಿಣ, ಎರಕದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಇಂಥ ಜೋಡಿಗಳು. ಇವುಗಳಲ್ಲಿ ಹೆಚ್ಚು ಸುಲಭವಾಗಿ ಸವೆಯುವ ಲೋಹ ಕರಗುತ್ತದೆ. ಎರಡನೆಯದು ಬ್ಯಾಟರಿಯಿಂದ ಹೊರಟ ಕರೆಂಟು ತನಗೆ ಹಾಕಿಕೊಟ್ಟ ತಂತಿಯಲ್ಲಿ ಮರಳದೆ ಕೂಲೆಂಟಿನ ಮೂಲಕ ಬ್ಯಾಟರಿಯ ಮೈನಸ್‌ಗೆ ಹೋಗುವುದು. ಮೊದಲನೆಯದು ವರ್ಷಗಟ್ಟಲೆ ತೆಗೆದುಕೊಳ್ಳುವ ಕೆಲಸವನ್ನು ಎರಡನೆಯದು ತಿಂಗಳುಗಳಲ್ಲಿ ಮುಗಿಸಬಲ್ಲದು.

ಎಷ್ಟು ಕರೆಂಟು ಹರಿದರೆ ಎಷ್ಟು ಲೋಹ ಕರಗುತ್ತದೆ ಎಂಬ ನಿಯಮವನ್ನು ಮೈಕೆಲ್ ಫ್ಯಾರಡೆ 1830ರ ದಶಕದಲ್ಲೇ ಕಂಡುಕೊಂಡಿದ್ದರು. ಆ ಲೆಕ್ಕದಂತೆ 1 ಆಂಪಿಯರ್ ಕರೆಂಟು ಒಂದು ವರ್ಷ ಎಡೆಬಿಡದೆ ಹರಿದರೆ ಸುಮಾರು 9 ಕಿಲೋ ಕಬ್ಬಿಣ ಅಥವಾ ಸುಮಾರು 2.9 ಕಿಲೋ ಅಲ್ಯೂಮಿನಿಯಂ ಕರಗುತ್ತದೆ. 10 ಮಿಲಿ ಆಂಪಿಯರ್ ಎಂದರೆ ಒಂದು ಸಣ್ಣ ಎಲ್‌ಇಡಿ ದೀಪಕ್ಕೆ ಸಾಕಾಗುವಷ್ಟು ಕರೆಂಟು, ಆದರೆ ಅದೇ ಲೆಕ್ಕದಲ್ಲಿ ಅದು ವರ್ಷಕ್ಕೆ 29 ಗ್ರಾಂ ಅಲ್ಯೂಮಿನಿಯಂ ಕರಗಿಸಬಲ್ಲದು. ರೇಡಿಯೇಟರಿನ ಕೊಳವೆಯ ಗೋಡೆ ಅರ್ಧ ಮಿಲಿಮೀಟರಿಗಿಂತ ತೆಳುವಾದದ್ದು, ಮತ್ತು ಸವೆತ ಎಲ್ಲ ಕಡೆ ಸಮನಾಗಿ ಹರಡದೆ ಕೆಲವೇ ಬಿಂದುಗಳಲ್ಲಿ ಕೇಂದ್ರೀಕರಿಸುವುದರಿಂದ, ತೂತು ಬೀಳಲು ಗ್ರಾಮಿನ ಅತಿ ಸಣ್ಣ ಪಾಲು ಕರಗಿದರೆ ಸಾಕು.

ಇದರಲ್ಲಿ ಮನಸ್ಸಿನಲ್ಲಿ ಇಟ್ಟುಕೊಳ್ಳಲೇಬೇಕಾದ ಒಂದು ಸಂಗತಿಯೆಂದರೆ, ಕರೆಂಟು ಲೋಹದಿಂದ ನೀರಿಗೆ ಇಳಿಯುವ ಜಾಗ ಕರಗುತ್ತದೆ, ನೀರಿನಿಂದ ಲೋಹಕ್ಕೆ ಹತ್ತುವ ಜಾಗವಲ್ಲ. ಅಲ್ಯೂಮಿನಿಯಂ ಮಾತ್ರ ಇದಕ್ಕೆ ಪೂರ್ತಿ ಒಳಪಡುವುದಿಲ್ಲ. ಕರೆಂಟು ಹತ್ತುವ ಜಾಗದಲ್ಲಿ ನೀರು ಕ್ಷಾರವಾಗುವುದರಿಂದ, ಕ್ಷಾರಕ್ಕೂ ಆಮ್ಲಕ್ಕೂ ಕರಗುವ ಆ ಲೋಹ ಅಲ್ಲಿಯೂ ಸವೆಯಬಹುದು. ತಾಮ್ರದ ರೇಡಿಯೇಟರ್ ಇದ್ದ ಎಂಜಿನ್ನಿಗೆ ಅಲ್ಯೂಮಿನಿಯಂ ಹಾಕಿದಾಗ ರೋಗ ಬೇಗ ಹೊರಬೀಳುವುದಕ್ಕೆ ಇದೂ ಒಂದು ಕಾರಣ. ಹೊಸ ರೇಡಿಯೇಟರಿನ ಗುಣಮಟ್ಟವನ್ನು ದೂರುವ ಮೊದಲು ಇದನ್ನು ನೆನೆಯಬೇಕು.

ಪಂಪ್‌ಸೆಟ್ಟಿನ ರಚನೆ ಈ ತಪ್ಪುದಾರಿಗೆ ತಾನಾಗಿಯೇ ಅವಕಾಶ ಮಾಡಿಕೊಡುತ್ತದೆ. ಬ್ಯಾಟರಿಯ ಮೈನಸ್ ಕೇಬಲ್ ಎಂಜಿನ್ ಬ್ಲಾಕಿಗೆ ಹೋಗುತ್ತದೆ. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿರುತ್ತದೆ, ರೇಡಿಯೇಟರ್ ಕಬ್ಬಿಣದ ಫ್ರೇಮಿಗೆ ಬಿಗಿದಿರುತ್ತದೆ. ಇವೆರಡನ್ನೂ ಲೋಹದ ಮಟ್ಟದಲ್ಲಿ ಜೋಡಿಸುವುದು ಹೆಣೆದ ತಾಮ್ರದ ಒಂದು ಅರ್ಥ್ ಪಟ್ಟಿ ಮಾತ್ರ. ಫ್ರೇಮಿನ ಮೇಲೆ ದೀಪ, ಗೇಜು, ಹಾರ್ನ್ ಏನನ್ನೇ ಕೂರಿಸಿ ಅದರ ಮೈನಸ್ಸನ್ನು ಅಲ್ಲೇ ಬೋಲ್ಟಿಗೆ ಕಟ್ಟಿದರೂ, ಕರೆಂಟು ಆ ಪಟ್ಟಿಯ ಮೂಲಕವೇ ಎಂಜಿನ್ನಿಗೆ ಮರಳಬೇಕು. ಮಲೆನಾಡಿನ ಮಳೆಗಾಲದಲ್ಲಿ ಶೆಡ್ಡಿನ ಒಳಗೂ ತೇವ ಆರುವುದಿಲ್ಲ; ಜೂನ್‌ನಿಂದ ಜನವರಿವರೆಗೆ ಎಂಜಿನ್ ಸುಮ್ಮನೆ ನಿಂತಿರುತ್ತದೆ. ಆ ಪಟ್ಟಿ ಕಿಲುಬು ಹಿಡಿದು ಎಳೆ ಎಳೆಯಾಗಿ ಕಡಿದಾಗ ಕರೆಂಟಿಗೆ ಉಳಿಯುವ ದಾರಿಗಳೆಂದರೆ ತುಕ್ಕು ಹಿಡಿದ ಬೋಲ್ಟು, ಕ್ಲಚ್ ತಂತಿ, ಆಕ್ಸಿಲರೇಟರ್ ತಂತಿ, ಮತ್ತು ಹೋಸ್ ಪೈಪಿನೊಳಗಿನ ಕೂಲೆಂಟ್.

ಅಳೆಯುವ ಕ್ರಮ

ಬೇಕಾದದ್ದು ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್, ಒಂದು ಎಮರಿ ಪೇಪರ್, ಸ್ಪ್ಯಾನರುಗಳು, ಬರೆದುಕೊಳ್ಳಲು ಕಾಗದ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದರೆ ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಆ ಸುಟ್ಟಗಾಯವನ್ನು ನಾನು ಹತ್ತಿರದಿಂದ ಕಂಡಿದ್ದೇನೆ, ಹಾಗಾಗಿ ಈ ವಾಕ್ಯವನ್ನು ದಾಟಿಹೋಗಬೇಡಿ ಎಂದು ಕೇಳಿಕೊಳ್ಳುತ್ತೇನೆ. ಫ್ಯಾನ್ ಬೆಲ್ಟಿನಿಂದ ಕೈ ಮತ್ತು ಬಟ್ಟೆ ದೂರವಿರಲಿ.

ಮುಚ್ಚಳ ತೆಗೆದು, ನೀರು ಬಾಯಿಯವರೆಗೆ ಇರುವುದನ್ನು ಖಚಿತಪಡಿಸಿಕೊಂಡು, ಮೀಟರನ್ನು ಡಿಸಿ ವೋಲ್ಟಿನ ಚಿಕ್ಕ ರೇಂಜಿಗೆ ಇಡಬೇಕು. ಬ್ಯಾಟರಿಯ ಎರಡೂ ಕೇಬಲ್ ಕಳಚಿ, ಕಪ್ಪು ತಂತಿಯ ಮೊನೆಯನ್ನು ಎಂಜಿನ್ ಬ್ಲಾಕಿನಲ್ಲಿ ಬಣ್ಣ ಕೆರೆದ ಹೊಳೆಯುವ ಜಾಗಕ್ಕೆ ಒತ್ತಿ, ಕೆಂಪು ಮೊನೆಯನ್ನು ಕೂಲೆಂಟಿನಲ್ಲಿ ಮುಳುಗಿಸಬೇಕು. ಕೆಂಪು ಮೊನೆ ರೇಡಿಯೇಟರಿನ ಬಾಯಿಗಾಗಲಿ ಒಳಗಿನ ಕೊಳವೆಗಾಗಲಿ ತಾಗಿದರೆ ಅಳತೆಗೆ ಅರ್ಥವಿಲ್ಲ. ಬ್ಯಾಟರಿ ಇಲ್ಲದಿರುವಾಗ ಸಿಗುವ ಈ ಅಂಕಿ ಕೂಲೆಂಟಿನದೇ ಗುಣವನ್ನು ಹೇಳುತ್ತದೆ. ಅಲ್ಯೂಮಿನಿಯಂ ಭಾಗಗಳಿರುವ ಎಂಜಿನ್ನಿನಲ್ಲಿ ಅದು 0.1 ವೋಲ್ಟಿನೊಳಗೆ, ಪೂರ್ತಿ ಎರಕದ ಕಬ್ಬಿಣ ಮತ್ತು ತಾಮ್ರದ್ದಾದರೆ 0.3 ವೋಲ್ಟಿನೊಳಗೆ ಇರಬೇಕು ಎಂಬುದು ಗ್ಯಾರೇಜುಗಳಲ್ಲಿ ರೂಢಿಯಲ್ಲಿರುವ ಮಿತಿ. ಇಲ್ಲಿಯೇ ಅಂಕಿ ಮೀರಿದ್ದರೆ ಕೂಲೆಂಟ್ ಸತ್ತಿದೆ ಎಂದರ್ಥ. ಅದನ್ನು ಪೂರ್ತಿ ಬದಲಾಯಿಸಿದ ಮೇಲೆ ಮುಂದಿನ ಅಳತೆಗೆ ಹೋಗಬೇಕು, ಇಲ್ಲದಿದ್ದರೆ ಎರಡು ದೋಷಗಳು ಒಂದರೊಳಗೊಂದು ಬೆರೆತುಹೋಗುತ್ತವೆ.

ಈಗ ಬ್ಯಾಟರಿ ಜೋಡಿಸಿ, ಕಪ್ಪು ಮೊನೆಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೇ ಇಟ್ಟು, ಎಲ್ಲ ಸ್ವಿಚ್ ಬಂದ್ ಇರುವಾಗ ಮತ್ತೊಮ್ಮೆ ನೋಡಬೇಕು. ಏನೂ ಚಾಲನೆಯಲ್ಲಿಲ್ಲದಿದ್ದರೂ ಅಂಕಿ ಏರಿದರೆ ಎಲ್ಲೋ ನಿರಂತರ ಸೋರಿಕೆ ಇದೆ. ಆಗ ಮೀಟರನ್ನು ಆಂಪಿಯರಿಗೆ ಬದಲಿಸಿ ಬ್ಯಾಟರಿಯ ಮೈನಸ್ ಕೇಬಲಿನ ಸಾಲಿನಲ್ಲಿ ಕೂರಿಸಿ, ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ಯಾವುದರಲ್ಲಿ ಕರೆಂಟು ನಿಲ್ಲುತ್ತದೆ ಎಂದು ಹಿಡಿಯಬೇಕು. ಮೀಟರ್ ಹೀಗೆ ಸಾಲಿನಲ್ಲಿರುವಾಗ ಯಾವ ಕಾರಣಕ್ಕೂ ಸೆಲ್ಫ್ ಹೊಡೆಯಬಾರದು. ಎಲೆಕ್ಟ್ರಾನಿಕ್ ಸಲಕರಣೆ ಇಲ್ಲದ ಪಂಪ್‌ಸೆಟ್ಟಿನಲ್ಲಿ ನಿಂತಾಗ ಹರಿಯುವ ಕರೆಂಟು ಸೊನ್ನೆಯೇ ಇರಬೇಕು.

ಆಮೇಲೆ ಒಂದೊಂದೇ ಸ್ವಿಚ್. ದೀಪ ಹಾಕಿ ಅಂಕಿ ಬರೆದುಕೊಳ್ಳಿ, ಆರಿಸಿ. ಗೇಜು, ಹಾರ್ನ್, ಚಾರ್ಜರ್ ಎಲ್ಲಕ್ಕೂ ಹೀಗೆಯೇ ಮಾಡಿ. ನಂತರ ಡೀಸೆಲ್ ಬಂದ್ ಮಾಡಿ ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಇನ್ನೊಬ್ಬರು ಮೀಟರ್ ನೋಡಬೇಕು. ಕೊನೆಗೆ ಎಂಜಿನ್ ಚಾಲೂ ಮಾಡಿ, ನೀರು ಬಿಸಿಯಾಗುವ ಮೊದಲೇ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿರುವಾಗಿನ ಅಂಕಿ ತೆಗೆದುಕೊಂಡು ಮುಚ್ಚಳ ಹಾಕಿಬಿಡಬೇಕು. ಯಾವ ಸ್ವಿಚ್ ಹಾಕಿದಾಗ ಅಂಕಿ ಜಿಗಿಯುತ್ತದೋ ಆ ಸಲಕರಣೆಯ ಮೈನಸ್ ದಾರಿಯಲ್ಲಿ ದೋಷವಿದೆ. ಸೆಲ್ಫ್ ಹೊಡೆದಾಗ ಮಾತ್ರ ಜಿಗಿದರೆ ಬ್ಯಾಟರಿಯಿಂದ ಬ್ಲಾಕಿಗೆ ಬರುವ ದಪ್ಪ ಕೇಬಲನ್ನೇ ಅನುಮಾನಿಸಬೇಕು. ಆ ಸಮಯದಲ್ಲಿ ಬ್ಲಾಕಿಗೂ ಬ್ಯಾಟರಿಯ ಮೈನಸ್ ಕಂಬಕ್ಕೂ ನಡುವೆ 0.2 ವೋಲ್ಟಿಗಿಂತ ಹೆಚ್ಚು ಕಂಡರೆ ಆ ಕೇಬಲ್ ಅಥವಾ ಅದರ ಲಗ್ (ತುದಿಯಲ್ಲಿ ಬಿಗಿಯುವ ಲೋಹದ ಕಿವಿ) ಕೆಟ್ಟಿದೆ.

ಇಲ್ಲಿ ಬಹಳ ಮಂದಿ ಮಾಡುವ ತಪ್ಪೆಂದರೆ ಅರ್ಥ್ ಪಟ್ಟಿಯನ್ನು ಓಮ್ಸ್ ರೇಂಜಿನಲ್ಲಿ ಪರೀಕ್ಷಿಸಿ "ಸರಿಯಿದೆ" ಎಂದು ಬಿಟ್ಟುಬಿಡುವುದು. ಮೀಟರ್ ಆ ಪರೀಕ್ಷೆಗೆ ಕಳಿಸುವ ಕರೆಂಟು ಅತ್ಯಲ್ಪ; ಇಪ್ಪತ್ತು ಎಳೆಯಲ್ಲಿ ಒಂದೇ ಎಳೆ ಉಳಿದಿದ್ದರೂ ಅದು ಸೊನ್ನೆ ಓಮ್ ಎಂದೇ ತೋರಿಸುತ್ತದೆ, ಬೀಪ್ ಕೂಡ ಹೊಡೆಯುತ್ತದೆ. ಕರೆಂಟು ನಿಜವಾಗಿ ಹರಿಯುತ್ತಿರುವಾಗ ಪಟ್ಟಿಯ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ಬೀಳುತ್ತಿದೆ ಎಂದು ನೋಡಿದಾಗ ಮಾತ್ರ ಸತ್ಯ ಹೊರಬರುತ್ತದೆ.

ಆ ತೋಟದಲ್ಲಿ ಸಿಕ್ಕಿದ್ದು

ಕೂಲೆಂಟ್ ಬರಿಯ ಹಳ್ಳದ ನೀರಾಗಿದ್ದರೂ ಬ್ಯಾಟರಿ ಕಳಚಿದಾಗ ಅಂಕಿ 0.08 ವೋಲ್ಟ್ ಇತ್ತು. ಬ್ಯಾಟರಿ ಜೋಡಿಸಿದಾಗಲೂ ಅಷ್ಟೇ. ಸೆಲ್ಫ್ ಹೊಡೆದಾಗ 0.11. ಕೊನೆಗೆ ರಾತ್ರಿ ಪಾಳಿಗೆಂದು ಶೆಡ್ಡಿನಲ್ಲಿ ಕಟ್ಟಿದ್ದ 55 ವ್ಯಾಟಿನ ಹ್ಯಾಲೊಜೆನ್ ದೀಪ ಹಾಕಿದ ಕೂಡಲೇ ಅಂಕಿ 0.41ಕ್ಕೆ ಏರಿ ನಿಂತಿತು. ರೇಡಿಯೇಟರಿನ ಮೈಗೂ ಎಂಜಿನ್ ಬ್ಲಾಕಿಗೂ ನಡುವೆ ಅಳೆದಾಗ 0.7 ವೋಲ್ಟ್ ಸಿಕ್ಕಿತು, ರೇಡಿಯೇಟರ್ ಪ್ಲಸ್ ಕಡೆಗೆ.

ದೀಪದ ಮೈನಸ್ ತಂತಿಯನ್ನು ಯಾರೋ ರೇಡಿಯೇಟರನ್ನು ಹಿಡಿದ ಬೋಲ್ಟಿಗೇ ಸುತ್ತಿದ್ದರು. ದೀಪದ ಸುಮಾರು 4.5 ಆಂಪಿಯರ್ ಅಲ್ಲಿಂದ ಫ್ರೇಮಿಗೆ, ಫ್ರೇಮಿನಿಂದ ಅರ್ಥ್ ಪಟ್ಟಿಯ ಮೂಲಕ ಬ್ಲಾಕಿಗೆ ಹೋಗಬೇಕಿತ್ತು. ಪಟ್ಟಿಯನ್ನು ಬೆರಳಿನಿಂದ ಎತ್ತಿದಾಗ ಫ್ರೇಮಿನ ಕಡೆಯ ಲಗ್ಗಿನಿಂದ ಹಸಿರು ಪುಡಿಯಾಗಿ ಉದುರಿತು. ಎರಡೋ ಮೂರೋ ಎಳೆ ಹಿಡಿದುಕೊಂಡಿದ್ದವು. ಉಳಿದ ಕರೆಂಟಿನ ಹೆಚ್ಚಿನ ಪಾಲು ಆಕ್ಸಿಲರೇಟರ್ ತಂತಿಯ ಹೊರಕವಚದಲ್ಲಿ ಹೋಗುತ್ತಿತ್ತು, ಒಂದು ಸಣ್ಣ ಪಾಲು ರೇಡಿಯೇಟರಿನಿಂದ ಕೂಲೆಂಟಿಗೆ ಇಳಿದು ಬ್ಲಾಕಿಗೆ ಹತ್ತುತ್ತಿತ್ತು. ಇಳಿಯುವ ಜಾಗ ಕರಗುತ್ತದೆ ಎಂಬ ಮಾತಿಗೆ ಸರಿಯಾಗಿ, ಎಂಜಿನ್ನಿಗೆ ಅತಿ ಹತ್ತಿರದ ಮೇಲಿನ ಹೋಸಿನ ಬಾಯಿಯ ಬಳಿಯ ಕೊಳವೆಗಳೇ ತೂತಾಗಿದ್ದವು. ಮೇಸ್ತ್ರಿಯವರನ್ನು ವಿಚಾರಿಸಿದಾಗ, ದೀಪ ಕೆಲವು ತಿಂಗಳಿಂದ ಹಳದಿಯಾಗಿ ಉರಿಯುತ್ತಿತ್ತೆಂದೂ ಬಲ್ಬ್ ಹಳೆಯದಾಗಿದೆ ಎಂದುಕೊಂಡಿದ್ದರೆಂದೂ ಹೇಳಿದರು. ಮೊದಲ ಸೂಚನೆ ಅದೇ ಆಗಿತ್ತು.

ದೀಪದ ಮೈನಸ್ಸನ್ನು ಬೋಲ್ಟಿನಿಂದ ಬಿಡಿಸಿ, ಪ್ರತ್ಯೇಕ ಕಪ್ಪು ತಂತಿ ಎಳೆದು ನೇರವಾಗಿ ಬ್ಯಾಟರಿಯ ಮೈನಸ್ ಕಂಬಕ್ಕೆ ಕಟ್ಟಿದೆ. ಫ್ರೇಮಿಗೂ ಬ್ಲಾಕಿಗೂ 25 ಚದರ ಮಿಲಿಮೀಟರಿನ ಹೊಸ ಪಟ್ಟಿ ಹಾಕಿದೆ. ಎರಡೂ ಕಡೆ ಬಣ್ಣವನ್ನು ಲೋಹ ಹೊಳೆಯುವವರೆಗೆ ಕೆರೆದು, ಹಲ್ಲಿನ ವಾಷರ್ ಇಟ್ಟು ಬಿಗಿದು, ಬಿಗಿದ ಮೇಲೆ ವ್ಯಾಸಲೀನ್ ಸವರಿದೆ. ಬಿಗಿಯುವ ಮೊದಲೇ ಸವರಬಾರದು. ಬ್ಯಾಟರಿಯ ಮೈನಸ್ ಸಾಲಿನಲ್ಲಿ ಒಂದು ಕಟ್ಆಫ್ ಸ್ವಿಚ್ ಕೂರಿಸಿ, ಎಂಜಿನ್ ಸುಮ್ಮನೆ ನಿಂತಿರುವ ಎಂಟು ತಿಂಗಳು ಅದನ್ನು ಬಂದ್ ಇಡಲು ತಿಳಿಸಿದೆ. ಮತ್ತೆ ದೀಪ ಹಾಕಿ ನೋಡಿದಾಗ ರೇಡಿಯೇಟರಿಗೂ ಬ್ಲಾಕಿಗೂ ನಡುವೆ 0.01 ವೋಲ್ಟ್ ಇತ್ತು.

ನೀರಿನ ಪಾಲು

ರೈಟರು ಹೇಳಿದ ನೀರಿನ ದೋಷವೂ ಸುಳ್ಳಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಹಳ್ಳದ ನೀರು ಮೆದು. ಅರಸೀಕೆರೆ, ಕಡೂರಿನ ಕಡೆ ಕೊಳವೆಬಾವಿಯ ನೀರು ಗಡಸು, ಅದರಲ್ಲಿ ಲವಣ ಹೆಚ್ಚು, ಹಾಗಾಗಿ ಕರೆಂಟು ಸುಲಭವಾಗಿ ಹರಿಯುತ್ತದೆ ಮತ್ತು ಕೊಳವೆಯೊಳಗೆ ಸುಣ್ಣ ಕಟ್ಟುತ್ತದೆ. ಆದರೆ ಮೆದು ನೀರೆಂದು ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ಅದರಲ್ಲಿ ತುಕ್ಕು ತಡೆಯುವ ಪದಾರ್ಥ ಇಲ್ಲ. ಕೂಲೆಂಟನ್ನು ಕೊರೆಯುವ ಚಳಿಗೆ ಬಳಸುವ ವಸ್ತುವೆಂದು ತಿಳಿದು, ನಮ್ಮಲ್ಲಿ ಹಿಮ ಬೀಳುವುದಿಲ್ಲವಲ್ಲ ಎಂದು ಬಿಡುವವರಿದ್ದಾರೆ. ನಮಗೆ ಅದರಲ್ಲಿ ಬೇಕಾಗಿರುವುದು ತುಕ್ಕುನಿರೋಧಕ ರಾಸಾಯನಿಕಗಳು. ಲೋಹದ ಮೈಮೇಲೆ ತೆಳುವಾದ ರಕ್ಷಣಾ ಪದರ ಕಟ್ಟುವುದು ಅವೇ, ಮತ್ತು ಕಾಲ ಕಳೆದಂತೆ ಖರ್ಚಾಗುವುದೂ ಅವೇ.

ಎಂಜಿನ್ ತಯಾರಕರು ಹೇಳಿದ ಬಗೆಯ ಕೂಲೆಂಟನ್ನೇ ತಂದು, ಬೆರೆಸಬೇಕಾದದ್ದಾದರೆ ಬ್ಯಾಟರಿ ವಾಟರ್ ಎಂದು ಪೆಟ್ರೋಲ್ ಬಂಕುಗಳಲ್ಲಿ ಮಾರುವ ಶುದ್ಧೀಕರಿಸಿದ ನೀರಿನಲ್ಲಿ ಸಮಪಾಲು ಬೆರೆಸಬೇಕು. ಆ್ಯಸಿಡ್ ಡಬ್ಬ ಬೇರೆ, ನೀರಿನ ಡಬ್ಬ ಬೇರೆ ಎಂಬುದನ್ನು ಲೇಬಲ್ ನೋಡಿ ಖಚಿತಪಡಿಸಿಕೊಳ್ಳಬೇಕು. ಎರಡು ಬಣ್ಣದ ಕೂಲೆಂಟುಗಳನ್ನು ಬೆರೆಸಬಾರದು. ಪಿಎಚ್ ಪಟ್ಟಿ ಅದ್ದಿದಾಗ 7ಕ್ಕಿಂತ ಕೆಳಗೆ ಬಂದರೆ ಕೂಲೆಂಟ್ ಆಮ್ಲವಾಗಿದೆ, ಬದಲಾಯಿಸಬೇಕು. ಹೊಸದಾಗಿ ತುಂಬಿದ್ದು ಬೇಗನೆ ಹೀಗಾದರೆ ಹೆಡ್ ಗ್ಯಾಸ್ಕೆಟಿನಿಂದ ಹೊಗೆ ನೀರಿಗೆ ನುಗ್ಗುತ್ತಿದೆಯೇ ನೋಡಬೇಕು. ಹಳೆಯ ಕೂಲೆಂಟನ್ನು ನೆಲಕ್ಕೆ ಚೆಲ್ಲಬೇಡಿ. ಅದು ಸಿಹಿ ವಿಷ. ನಾಯಿಗಳು ನೆಕ್ಕಿ ಸಾಯುತ್ತವೆ, ಮಕ್ಕಳಿರುವ ಕಾರ್ಮಿಕರ ಲೈನ್ ಮನೆಗಳ ಹತ್ತಿರ ಇನ್ನೂ ಎಚ್ಚರ ಬೇಕು.

ಕೆರೆಯೊಳಗಿನ ಪೈಪು

ರೇಡಿಯೇಟರಿನ ಕೆಲಸ ಮುಗಿಸಿ ಹೊರಡುವಾಗ ಮಾಲೀಕರು ಇನ್ನೊಂದು ಮಾತು ಹೇಳಿದರು: ತೋಟದ ಕೆರೆಯಲ್ಲಿ ಮುಳುಗಿರುವ ಜಿಐ (ಸತು ಹೊದಿಸಿದ ಕಬ್ಬಿಣದ) ಸಕ್ಷನ್ ಪೈಪು ಮತ್ತು ಫುಟ್‌ವಾಲ್ವ್ ಕೂಡ ಬೇಗ ಬೇಗ ಹಾಳಾಗುತ್ತಿವೆ, ಪಂಪು ಗಾಳಿ ಎಳೆಯುತ್ತದೆ. ಇದು ಬೇರೆಯೇ ದೋಷವಾಗಿತ್ತು, ಮತ್ತು ಇದರ ಸ್ವರೂಪ ಅರ್ಥವಾಗಬೇಕಾದರೆ ಸ್ವಲ್ಪ ಹೊತ್ತು ಸಮುದ್ರದ ಕಡೆ ನೋಡುವುದು ಒಳ್ಳೆಯದು, ಏಕೆಂದರೆ ಈ ರೋಗಕ್ಕೆ ಬಹಳ ಹಿಂದೆಯೇ ಮದ್ದು ಹುಡುಕಿದ್ದು ಹಡಗುಗಳಲ್ಲಿ.

1824ರಲ್ಲಿ ರಸಾಯನವಿಜ್ಞಾನಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ಅಡಿಗೆ ಹೊದಿಸಿದ್ದ ತಾಮ್ರದ ತಗಡು ಸಮುದ್ರದ ನೀರಿನಲ್ಲಿ ಸವೆಯದಂತೆ ಅದಕ್ಕೆ ಕಬ್ಬಿಣ ಅಥವಾ ಸತುವಿನ ತುಂಡು ತಾಗಿಸಿಡುವ ಉಪಾಯ ಸೂಚಿಸಿದರು. ತಾಮ್ರದ ಬದಲು ಆ ತುಂಡು ಕರಗಿತು, ತಾಮ್ರ ಉಳಿಯಿತು. ಆದರೆ ಕರಗದ ತಾಮ್ರಕ್ಕೆ ವಿಷಗುಣ ಇಲ್ಲದಂತಾಗಿ ಹಡಗಿನ ಅಡಿಗೆ ಚಿಪ್ಪುಜೀವಿ ಮತ್ತು ಪಾಚಿ ಹತ್ತಿಕೊಂಡವು ಎಂಬುದು ಆ ಪ್ರಯೋಗದ ಇನ್ನೊಂದು ಮುಖ. ಇಂದಿಗೂ ಹಾಯಿದೋಣಿಯಾಗಲಿ ಮೀನುಗಾರಿಕೆ ಬೋಟಾಗಲಿ, ಎಂಜಿನ್ ಇರುವ ದೋಣಿಯ ಪ್ರೊಪೆಲರ್ ಶಾಫ್ಟಿನ ಬಳಿ ಕರಗಲೆಂದೇ ಸತುವಿನ ತುಂಡು ಕೂರಿಸುತ್ತಾರೆ. ಎಂಜಿನ್ ಬ್ಲಾಕಿನಲ್ಲಿ ಕರೆಂಟೇ ಹರಿಯದಂತೆ ಪ್ಲಸ್, ಮೈನಸ್ ಎರಡಕ್ಕೂ ಬೇರೆ ತಂತಿ ಇರುವ ಆಲ್ಟರ್ನೇಟರ್ ಹಾಕುವುದೂ ಅಲ್ಲಿನ ಪದ್ಧತಿ. ದೋಣಿಯನ್ನು ದಡಕ್ಕೆ ಕಟ್ಟಿ ದಡದ ವಿದ್ಯುತ್ ಜೋಡಿಸಿದಾಗ, ಅರ್ಥ್ ತಂತಿಯ ಮೂಲಕ ದೋಣಿಯ ಲೋಹಕ್ಕೂ ದಡದ ಲೋಹಕ್ಕೂ ನಂಟು ಬೆಳೆದು, ನೀರಿನ ಮೂಲಕ ಆ ಸರ್ಕ್ಯೂಟ್ ಪೂರ್ತಿಯಾಗಿ ಸವೆತ ಶುರುವಾಗುತ್ತದೆ.

ತೋಟದ ಪಂಪ್‌ಹೌಸಿನಲ್ಲಿ ಆಗಿದ್ದದ್ದು ಇದೇ. ಡೀಸೆಲ್ ಪಂಪಿನ ಪಕ್ಕದಲ್ಲಿ ಕರೆಂಟಿನ ಮೋಟಾರ್ ಪಂಪೂ ಇತ್ತು. ಎರಡೂ ಒಂದೇ ಕಬ್ಬಿಣದ ಚೌಕಟ್ಟಿನ ಮೇಲೆ ಇದ್ದವು. ಮೋಟಾರಿಗೆ ನಿಯಮದಂತೆ ಅರ್ಥ್ ಕೊಟ್ಟಿದ್ದರು, ಇದ್ದಿಲು ಮತ್ತು ಉಪ್ಪು ತುಂಬಿದ ಗುಂಡಿಯಲ್ಲಿ ತಾಮ್ರದ ತಟ್ಟೆ ಹೂತು. ಹೀಗೆ ನೆಲದಲ್ಲಿ ತಾಮ್ರ, ಕೆರೆಯಲ್ಲಿ ಸತು ಹೊದಿಸಿದ ಪೈಪು, ನಡುವೆ ತೇವದ ಮಣ್ಣು, ಮೇಲೆ ಅರ್ಥ್ ತಂತಿ ಸೇರಿ ಒಂದು ದೊಡ್ಡ ಬ್ಯಾಟರಿಯೇ ಸಿದ್ಧವಾಗಿತ್ತು. ಮೇನ್ ಸ್ವಿಚ್ ಬಂದ್ ಮಾಡಿ, ಫ್ಯೂಸ್ ಕಿತ್ತು, ಅರ್ಥ್ ತಂತಿಯನ್ನು ಒಂದು ನಿಮಿಷ ಬಿಚ್ಚಿ ನಡುವೆ ಮೀಟರ್ ಇಟ್ಟಾಗ 14 ಮಿಲಿ ಆಂಪಿಯರ್ ಡಿಸಿ ಹರಿಯುತ್ತಿತ್ತು. ಲೆಕ್ಕದಂತೆ ಅದು ವರ್ಷಕ್ಕೆ ಸುಮಾರು 150 ಗ್ರಾಂ ಸತು ಕರಗಿಸುತ್ತದೆ. ಸತು ಮುಗಿದ ಮೇಲೆ ಕಬ್ಬಿಣದ ಸರದಿ.

ಸವೆತ ನಿಲ್ಲಿಸಲು ಮೋಟಾರಿನ ಅರ್ಥ್ ತಂತಿಯನ್ನು ಕಿತ್ತುಹಾಕುವ ಆಲೋಚನೆ ಕೆಲವರಿಗೆ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಆ ತಂತಿ ಇರುವುದು ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತು ಪಂಪು ಮುಟ್ಟುವ ಮನುಷ್ಯನ ಜೀವ ಉಳಿಸಲು. ಕತ್ತರಿಸಬೇಕಾದದ್ದು ಪೈಪಿನ ನಂಟನ್ನು: ಪಂಪಿನ ಬಾಯಿಗೂ ಜಿಐ ಪೈಪಿಗೂ ನಡುವೆ ಮೂರು ಅಡಿ ರಬ್ಬರ್ ಸಕ್ಷನ್ ಹೋಸ್ ಹಾಕಿ, ಅದರೊಳಗಿನ ಉಕ್ಕಿನ ಸುರುಳಿ ಎರಡು ಕಡೆಯ ಲೋಹಕ್ಕೂ ತಾಗದಂತೆ ನೋಡಿಕೊಂಡೆವು. ಪೈಪನ್ನು ಹಿಡಿದಿದ್ದ ಕಬ್ಬಿಣದ ಕ್ಲ್ಯಾಂಪಿನೊಳಗೂ ರಬ್ಬರ್ ಹಾಳೆ ಸುತ್ತಿದೆವು. ಹೊಸದಾಗಿ ಮಾಡುವವರು ಸಕ್ಷನ್ ಪೂರ್ತಿ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪಿನಲ್ಲೇ ಮಾಡಿದರೆ ಈ ಪ್ರಶ್ನೆಯೇ ಏಳುವುದಿಲ್ಲ. ಗೊರೂರಿನ ಹೇಮಾವತಿ ಹಿನ್ನೀರಿನಲ್ಲೋ ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲೋ ಎಂಜಿನ್ ದೋಣಿ ಇಟ್ಟವರು ಗಮನಿಸಬೇಕಾದ ಒಂದು ವ್ಯತ್ಯಾಸವಿದೆ: ಕಡಲಿಗೆ ಸರಿಹೋಗುವ ಸತುವಿನ ತುಂಡು ಸಿಹಿನೀರಿನಲ್ಲಿ ಮೈಮೇಲೆ ಪೊರೆ ಕಟ್ಟಿಕೊಂಡು ಕೆಲಸ ನಿಲ್ಲಿಸುತ್ತದೆ, ಸಿಹಿನೀರಿಗೆ ಮೆಗ್ನೀಸಿಯಂ ತುಂಡು ಬೇಕು.

ಹೊರಗಿನಿಂದ ಬರುವ ಕರೆಂಟು

ಸಕಲೇಶಪುರ, ಆಲೂರಿನ ಕಡೆ ಆನೆಗಳಿಗಾಗಿ ಸೋಲಾರ್ ಬೇಲಿ ಹಾಕಿದ ತೋಟಗಳಲ್ಲಿ ಬೇಲಿಗೆ ಮಿಡಿತದ ಕರೆಂಟು ಕೊಡುವ ಎನರ್ಜೈಸರಿನ ಅರ್ಥ್ ಸರಳುಗಳು ಪಂಪ್‌ಹೌಸಿನ ಅರ್ಥ್ ಗುಂಡಿಯಿಂದ ಕನಿಷ್ಠ 10 ಮೀಟರ್ ದೂರ ಇರಬೇಕು. ಹತ್ತಿರವಿದ್ದರೆ ಬೇಲಿಯ ಮಿಡಿತ ಪಂಪಿನ ಮೈಗೆ ಬರಬಹುದು. ಮೀಟರಿನ ಅಂಕಿ ಸುಮಾರು ಸೆಕೆಂಡಿಗೊಮ್ಮೆ ಕುಣಿಯುತ್ತಿದ್ದರೆ ಮೊದಲು ಬೇಲಿಯನ್ನು ಬಂದ್ ಮಾಡಿ ನೋಡಬೇಕು.

ಫ್ರೇಮಿನ ಮೇಲೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ಎರಡೂ ಕೇಬಲ್ ಬಿಚ್ಚಿಸಿ, ವೆಲ್ಡರಿನ ಅರ್ಥ್ ಕ್ಲ್ಯಾಂಪನ್ನು ಬೆಸುಗೆಯ ಪಕ್ಕದಲ್ಲೇ ಕಚ್ಚಿಸಬೇಕು. ಎಂಜಿನ್ನಿಗೆ ಕ್ಲ್ಯಾಂಪ್ ಹಾಕಿ ಫ್ರೇಮಿನ ಮೇಲೆ ಬೆಸೆದರೆ ನೂರಕ್ಕೂ ಹೆಚ್ಚು ಆಂಪಿಯರ್ ಬೇರಿಂಗು, ಅರ್ಥ್ ಪಟ್ಟಿ, ಕೂಲೆಂಟ್ ಎಲ್ಲವನ್ನೂ ದಾಟಿಕೊಂಡು ಹೋಗುತ್ತದೆ. ಮನೆ ಕರೆಂಟಿನ ಬ್ಯಾಟರಿ ಚಾರ್ಜರ್ ಖಾಯಮ್ಮಾಗಿ ಕಟ್ಟಿರುವ ಕಡೆ, ಅದನ್ನು ಜೋಡಿಸಿ ಮತ್ತು ಬಿಡಿಸಿ ಎರಡು ಸಲ ಅಳೆಯುವುದನ್ನು ಮರೆಯಬಾರದು.

ಆ ತೋಟದ ಡೀಸೆಲ್ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಈಗ ನಾಲ್ಕು ಅಂಕಣಗಳಿವೆ: ತಾರೀಕು, ಎಲ್ಲ ಬಂದ್ ಇದ್ದಾಗಿನ ವೋಲ್ಟ್, ದೀಪ ಹಾಕಿದಾಗಿನ ವೋಲ್ಟ್, ಸೆಲ್ಫ್ ಹೊಡೆದಾಗಿನ ವೋಲ್ಟ್. ಮಳೆಗಾಲಕ್ಕೆ ಮುಂಚೆ ಒಮ್ಮೆ, ಜನವರಿಯಲ್ಲಿ ಎಂಜಿನ್ ಹೊರಡಿಸುವ ಮುಂಚೆ ಒಮ್ಮೆ ಮೇಸ್ತ್ರಿಯವರೇ ಅಳೆದು ಬರೆಯುತ್ತಾರೆ. ಕಳೆದ ಜನವರಿಯಲ್ಲಿ ದೀಪದ ಅಂಕಣದಲ್ಲಿ 0.06 ಎಂದಿತ್ತು, ಸೆಲ್ಫ್ ಅಂಕಣದಲ್ಲಿ 0.19. ಬ್ಯಾಟರಿ ಕಂಬದ ಮೇಲಿನ ಕಿಲುಬನ್ನು ಬಿಸಿನೀರಿನಲ್ಲಿ ತೊಳೆದು ಲಗ್ ಬಿಗಿದ ಮೇಲೆ ಅದೇ ಸಾಲಿನಲ್ಲಿ, ಬೇರೆ ಶಾಯಿಯಲ್ಲಿ, 0.08 ಎಂದು ಬರೆದಿದ್ದರು.